ಓರೆಯಾಗಿ ಕೂತ ಆರು ಸಿಲಿಂಡರ್: 1965ರ ವೇಲಿಯಂಟ್‌ಗೆ ರಸ್ತೆಯ ವೇಗ ತರುವ ಕ್ರಮ

ಕಾರು 1965ರ ಪ್ಲಿಮತ್ ವೇಲಿಯಂಟ್. ಎಂಜಿನ್ ಕ್ರೈಸ್ಲರ್ ಕಂಪನಿಯ 225 ಕ್ಯೂಬಿಕ್ ಇಂಚಿನ, ಅಂದರೆ 3.7 ಲೀಟರಿನ ‘ಸ್ಲ್ಯಾಂಟ್ ಸಿಕ್ಸ್’. ಗೇರ್‌ಬಾಕ್ಸ್ ಟಾರ್ಕ್‌ಫ್ಲೈಟ್ 904 ಆಟೊಮ್ಯಾಟಿಕ್, ಹಿಂದಿನ ಆಕ್ಸಲ್‌ನಲ್ಲಿ 2.93 ಅನುಪಾತದ ಕ್ರೌನ್-ಪಿನಿಯನ್, ನಾಲ್ಕೂ ಚಕ್ರಕ್ಕೆ 9 ಇಂಚಿನ ಡ್ರಮ್ ಬ್ರೇಕ್. ಅಮೆರಿಕದ ರಸ್ತೆಗಳಲ್ಲಿ ಈಗಲೂ ಉಳಿದಿರುವ ಇಂಥ ಕಾರುಗಳ ಮಾದರಿಯೊಂದನ್ನು ಲೆಕ್ಕಕ್ಕೆ ಇಟ್ಟುಕೊಂಡು ಈ ಅಧ್ಯಯನ ಸಾಗುತ್ತದೆ. ಮಾಲೀಕರ ಬೇಡಿಕೆ ಸರಳ. ಕಾರು ದಿನವೂ ಓಡಬೇಕು, ಬಂಕಿನಲ್ಲಿ ಸಿಗುವ ಪೆಟ್ರೋಲನ್ನೇ ಕುಡಿಯಬೇಕು, ಚಳಿಗಾಲದ ಬೆಳಗ್ಗೆ ಸತಾಯಿಸದೆ ಸ್ಟಾರ್ಟ್ ಆಗಬೇಕು. ಆದರೆ ಹೆದ್ದಾರಿಗೆ ಸೇರಿಕೊಳ್ಳುವಾಗ, ಏರು ಹತ್ತುವಾಗ, ಲಾರಿಯೊಂದನ್ನು ಹಿಂದೆ ಹಾಕುವಾಗ ಈಗಿನ ಪಿಕಪ್ ಸಾಲದು.

ಇಂಥ ಪ್ರಶ್ನೆಗೆ ಬರುವ ಮೊದಲ ಸಲಹೆ ‘ಇದನ್ನು ಕಿತ್ತು ವಿ-8 ಕೂರಿಸಿ’ ಎಂಬುದು. ಎರಡನೆಯದು ‘ದೊಡ್ಡ ಕಾರ್ಬುರೇಟರ್ ಹಾಕಿ’. ಮೊದಲನೆಯದು ಬೇರೆಯೇ ಕಾರಿನ ಮಾತು. ಎರಡನೆಯದು ಸರದಿ ತಪ್ಪಿದ ಮಾತು. ಈ ಎಂಜಿನ್‌ನಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂಬುದರ ಮೇಲೆಯೇ ಫಲ ನಿಂತಿದೆ. ಕಳೆದುಹೋದ ಶಕ್ತಿಯನ್ನು ವಾಪಸ್ ತರುವುದು, ಆಮೇಲೆ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಅದುಮುವ ಪ್ರಮಾಣ), ಆಮೇಲೆ ಉಸಿರಾಟ (ಗಾಳಿ ಒಳಬಂದು ಹೊಗೆ ಹೊರಹೋಗುವ ದಾರಿ), ಕಡೆಗೆ ಗೇರಿಂಗ್. ಈ ಸರದಿ ಏಕೆ ಎನ್ನುವುದು ಎಂಜಿನ್‌ನ ಅಳತೆಗಳಲ್ಲೇ ಇದೆ.

ಎಂಜಿನ್‌ನ ಜಾತಕ

ಬೋರ್, ಅಂದರೆ ಸಿಲಿಂಡರ್‌ನ ಅಗಲ, 3.40 ಇಂಚು (86.4 ಮಿ.ಮೀ.); ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 4.125 ಇಂಚು (104.8 ಮಿ.ಮೀ.). ಸ್ಟ್ರೋಕ್ ಬೋರ್‌ಗಿಂತ ಬಹಳ ಉದ್ದ. ಬ್ಲಾಕ್ 30 ಡಿಗ್ರಿ ಬಲಕ್ಕೆ ವಾಲಿಕೊಂಡಿದೆ. ಬಾನೆಟ್ ತಗ್ಗಿಸುವುದಕ್ಕೂ ಪಕ್ಕದಲ್ಲಿ ಉದ್ದನೆಯ ಇನ್‌ಟೇಕ್ ಕೊಳವೆಗಳಿಗೆ ಜಾಗ ಸಿಗುವುದಕ್ಕೂ ಈ ಓರೆ ನೆರವಾಯಿತು. ಆರು ಸಿಲಿಂಡರ್‌ಗೂ ಬೇರೆ ಬೇರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಪೋರ್ಟ್‌ಗಳಿವೆ, ಆದರೆ ಎಲ್ಲವೂ ಹೆಡ್‌ನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಒಂದೇ ಬದಿಯಲ್ಲಿವೆ. ಫೋರ್ಜ್ ಮಾಡಿದ ಕ್ರ್ಯಾಂಕ್, ನಾಲ್ಕು ಮೇನ್ ಬೇರಿಂಗ್, ಕೈಯಿಂದ ಹೊಂದಿಸುವ ಸಾಲಿಡ್ ಟ್ಯಾಪೆಟ್ (ವಾಲ್ವ್ ತೆರೆಯುವ ಕ್ಯಾಮ್‌ನ ಚಲನೆಯನ್ನು ಮೇಲಕ್ಕೆ ಮುಟ್ಟಿಸುವ ತುಂಡು).

ಕಂಪನಿ ಹೇಳಿದ ಶಕ್ತಿ 4000 ಆರ್‌ಪಿಎಂನಲ್ಲಿ 145 ಎಚ್‌ಪಿ, ಟಾರ್ಕ್ 2400ರಲ್ಲಿ 215 ಪೌಂಡ್-ಅಡಿ (ಸುಮಾರು 291 ನ್ಯೂಟನ್-ಮೀಟರ್). ಆ 145 ‘ಗ್ರಾಸ್’ ಲೆಕ್ಕ: ಏರ್‌ಕ್ಲೀನರ್, ಸೈಲೆನ್ಸರ್, ಫ್ಯಾನಿನ ಭಾರವಿಲ್ಲದೆ ಬೆಂಚಿನ ಮೇಲೆ ಅಳೆದದ್ದು. 1972ರಲ್ಲಿ ‘ನೆಟ್’ ಲೆಕ್ಕ ಬಂದಾಗ ಇದೇ 225ಕ್ಕೆ 110 ಎಚ್‌ಪಿ ಎಂದು ಬರೆಯಲಾಯಿತು. ಹಾಗಾಗಿ ಕಾರಿನಲ್ಲಿ ಕೂತಿರುವ ಆರೋಗ್ಯವಂತ ಎಂಜಿನ್‌ನ ನಿಜ ಶಕ್ತಿ 110ರ ಆಸುಪಾಸು ಎಂದಿಟ್ಟುಕೊಂಡೇ ಲೆಕ್ಕ ಶುರುಮಾಡಬೇಕು. ಆರೋಗ್ಯ ಕೆಟ್ಟಿದ್ದರೆ ಇನ್ನೂ ಕೆಳಗೆ.

ಈ ಹೆಡ್‌ಗೆ ಉಸಿರಾಡಲು ಬರುತ್ತದೆ ಎಂಬುದಕ್ಕೆ ಕಂಪನಿಯೇ ಸಾಕ್ಷಿ ಕೊಟ್ಟಿದೆ. 1960ರ ಜನವರಿ ಕೊನೆಯಲ್ಲಿ ಡೇಟೋನಾದಲ್ಲಿ ನಡೆದ ನ್ಯಾಸ್ಕರ್‌ನ ಸಣ್ಣ ಕಾರುಗಳ ರೇಸ್‌ನಲ್ಲಿ ‘ಹೈಪರ್ ಪ್ಯಾಕ್’ ಕಿಟ್ ತೊಟ್ಟ ವೇಲಿಯಂಟ್‌ಗಳು ಮೊದಲ ಏಳು ಸ್ಥಾನಗಳನ್ನೂ ಬಾಚಿಕೊಂಡವು. ಅದು ಇದೇ ಎಂಜಿನ್‌ನ ಗಿಡ್ಡ ಸ್ಟ್ರೋಕ್‌ನ ತಮ್ಮ, 170 ಕ್ಯೂಬಿಕ್ ಇಂಚಿನದು. ಉದ್ದನೆಯ ರ‍್ಯಾಮ್ ಮ್ಯಾನಿಫೋಲ್ಡ್, ನಾಲ್ಕು ಬ್ಯಾರಲ್‌ನ ಕಾರ್ಟರ್ ಕಾರ್ಬುರೇಟರ್, 10.5ರ ಕಂಪ್ರೆಷನ್, ಬೇರೆ ಕ್ಯಾಮ್ ಸೇರಿ 101 ಎಚ್‌ಪಿಯನ್ನು 148ಕ್ಕೆ ಏರಿಸಿದ್ದವು. ಅದರಲ್ಲಿ ಗಮನಿಸಬೇಕಾದದ್ದು ಆ ಕಿಟ್‌ನ ಒಗ್ಗಟ್ಟು. ನಾಲ್ಕರಲ್ಲಿ ಒಂದನ್ನೇ ಎತ್ತಿ ಹಾಕಿದ್ದರೆ ಅಂಥ ಏರಿಕೆ ಬರುತ್ತಿರಲಿಲ್ಲ.

ನಮ್ಮ 225 ಆ ದಾರಿ ಹಿಡಿಯಲಾರದು. 185/75ಆರ್14 ಟೈರ್, 2.93 ಆಕ್ಸಲ್ ಇರುವಾಗ ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ಸುತ್ತುವುದು ಸುಮಾರು 2450 ಆರ್‌ಪಿಎಂ. ಅಂದರೆ ಕಾರಿನ ಬದುಕೆಲ್ಲ 1500ರಿಂದ 4000ದೊಳಗೆ ಕಳೆಯುತ್ತದೆ. ಮೇಲಕ್ಕೆ ಹೋಗುವುದೂ ದುಬಾರಿ: ಈ ಸ್ಟ್ರೋಕ್‌ನಲ್ಲಿ 4500 ಆರ್‌ಪಿಎಂಗೆ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 15.7 ಮೀಟರ್, 6000ಕ್ಕೆ 21 ಮೀಟರ್. ಹಳೆಯ ಪಿಸ್ಟನ್, ಹಳೆಯ ರಾಡ್ ಬೋಲ್ಟ್, ನಾಲ್ಕೇ ಮೇನ್ ಬೇರಿಂಗ್ ಇಟ್ಟುಕೊಂಡು 5000 ದಾಟಿಸುವುದರಲ್ಲಿ ಅರ್ಥವಿಲ್ಲ. ಕೊಳ್ಳುವ ಪ್ರತಿ ಭಾಗವೂ 1500–4500ರೊಳಗೆ ದುಡಿಯುವಂತಿರಬೇಕು.

ಎಲ್ಲಕ್ಕಿಂತ ಮೊದಲು ಬ್ರೇಕ್

1965ರ ಈ ಕಾರಿಗೆ ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. 1967ರಲ್ಲಿ ಬಂದ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿ, ಪೈಪುಗಳನ್ನು ಬೇರ್ಪಡಿಸಿ, ಮುಂದಿನ ಚಕ್ರಗಳಿಗೆ 10 ಇಂಚಿನ ಡ್ರಮ್ ಅಥವಾ 1973–76ರ ಇದೇ ವರ್ಗದ ಕಾರುಗಳ ಡಿಸ್ಕ್ ತರುವುದು ಎಂಜಿನ್‌ಗೆ ಕೈ ಹಾಕುವ ಮುನ್ನ ಮುಗಿಯಬೇಕಾದ ಕೆಲಸ. ಆ ಡಿಸ್ಕ್‌ಗಳ ಬೋಲ್ಟ್ ವೃತ್ತ 4.5 ಇಂಚು, ಕಾರಿನ ಮೂಲ ಚಕ್ರದ್ದು 4 ಇಂಚು, ಆದ್ದರಿಂದ ರಿಮ್ ಕೂಡ ಬದಲಾಗುತ್ತದೆ. ಇನ್ನೊಂದು ಎಚ್ಚರ: ಆ ಕಾಲದ ಕ್ರೈಸ್ಲರ್ ಕಾರುಗಳ ಎಡಬದಿಯ ಚಕ್ರದ ನಟ್‌ಗಳಿಗೆ ಎಡ ಥ್ರೆಡ್. ಗೊತ್ತಿಲ್ಲದೆ ಗನ್ ಹಿಡಿದವರು ಸ್ಟಡ್ ಮುರಿದಿರುವುದು ಎಷ್ಟೋ.

ಕಳೆದುಹೋದದ್ದನ್ನು ಹುಡುಕುವುದು

ಬಿಸಿ ಎಂಜಿನ್‌ನಲ್ಲಿ, ಆರೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ನೋಡಬೇಕು. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಮುಂದಿನ ಯಾವ ಖರ್ಚೂ ದಂಡ. ನಮ್ಮ ಲೆಕ್ಕದ ಕಾರಿನಲ್ಲಿ ಐದು ಸಿಲಿಂಡರ್ 120–125 ಪಿಎಸ್ಐ ತೋರಿಸುತ್ತವೆ, ನಾಲ್ಕನೆಯದು 85. ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರೂ 85 ಕದಲುವುದಿಲ್ಲ. ಹಾಗಾದರೆ ರಿಂಗ್ ಅಲ್ಲ, ವಾಲ್ವ್.

ಇದರ ಕಾರಣ ಈ ಎಂಜಿನ್‌ಗಳಲ್ಲಿ ಮತ್ತೆ ಮತ್ತೆ ಕಾಣುವಂಥದ್ದು. 1965ರ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಬೇರೆ ಗಟ್ಟಿ ಲೋಹದ್ದಲ್ಲ, ಹೆಡ್‌ನ ಬೀಡುಕಬ್ಬಿಣವನ್ನೇ ಕಡೆದದ್ದು. ಸೀಸವಿಲ್ಲದ ಪೆಟ್ರೋಲಿನಲ್ಲಿ ಹೆದ್ದಾರಿ ಓಟ ಹೆಚ್ಚಾದಂತೆ ಸೀಟ್ ಸವೆದು ವಾಲ್ವ್ ಒಳಗೊಳಗೆ ಇಳಿಯುತ್ತದೆ. ಇಳಿದಂತೆ ಟ್ಯಾಪೆಟ್ ಸಂದು ಕಿರಿದಾಗುತ್ತದೆ. ಸಾಲಿಡ್ ಟ್ಯಾಪೆಟ್ ತಾನಾಗಿ ಸರಿಹೋಗುವುದಿಲ್ಲ. ಕೊನೆಗೆ ಸಂದು ಸೊನ್ನೆಯಾಗಿ ವಾಲ್ವ್ ಮುಚ್ಚದೆ ಉಳಿದು ಅಂಚು ಸುಡುತ್ತದೆ. ವಿಚಿತ್ರವೆಂದರೆ ಅಷ್ಟರವರೆಗೆ ಎಂಜಿನ್ ಸದ್ದು ಕಡಿಮೆಯಾಗುತ್ತಾ ಬರುತ್ತದೆ, ಮಾಲೀಕರು ‘ಎಂಜಿನ್ ಮೆತ್ತಗಾಗಿದೆ’ ಎಂದು ಸಂತೋಷಪಡುತ್ತಾರೆ. ಸ್ಲ್ಯಾಂಟ್ ಸಿಕ್ಸ್‌ನಲ್ಲಿ ಟ್ಯಾಪೆಟ್‌ನ ಸಣ್ಣ ಟಿಕ್‌ಟಿಕ್ ಆರೋಗ್ಯದ ಸದ್ದು.

ಎರಡನೆಯ ನಷ್ಟ ಟೈಮಿಂಗ್‌ನದು, ಅಂದರೆ ಕಿಡಿ ಹಾರುವ, ವಾಲ್ವ್ ತೆರೆಯುವ ಹೊತ್ತಿನದು. ಕ್ರ್ಯಾಂಕ್ ಪುಲ್ಲಿಯ ಡ್ಯಾಂಪರ್‌ನಲ್ಲಿ ಹೊರಬಳೆಯನ್ನು ಒಳಗಿನ ಗುಂಬಕ್ಕೆ ಹಿಡಿದಿರುವುದು ರಬ್ಬರ್. ಅರವತ್ತು ವರ್ಷದ ರಬ್ಬರ್ ಸಡಿಲಾಗಿ ಹೊರಬಳೆ ಜಾರಿದ್ದರೆ ಅದರ ಮೇಲಿನ ಗುರುತು ಸುಳ್ಳು ಹೇಳುತ್ತದೆ. ಒಂದನೆಯ ಸಿಲಿಂಡರ್‌ನಲ್ಲಿ ಪಿಸ್ಟನ್ ಸ್ಟಾಪ್ ಹಾಕಿ, ಕೈಯಿಂದ ಎರಡೂ ದಿಕ್ಕಿಗೆ ತಿರುಗಿಸಿ ತಡೆದ ಕಡೆ ಗುರುತು ಮಾಡಿ, ಆ ಎರಡರ ನಡುಮಧ್ಯವನ್ನು ನಿಜವಾದ ಟಿಡಿಸಿ (ಪಿಸ್ಟನ್ ಅತಿ ಮೇಲೆ ನಿಲ್ಲುವ ಸ್ಥಾನ) ಎಂದು ಕೊರೆಯಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಕ್ರ್ಯಾಂಕನ್ನು ಹಿಂದೆ ಮುಂದೆ ಆಡಿಸಿ ನೋಡುವುದೂ ಆಗಲೇ ಆಗಲಿ: ರೋಟರ್ ಕದಲುವ ಮುನ್ನ ಕ್ರ್ಯಾಂಕ್ ಏಳೆಂಟು ಡಿಗ್ರಿ ತಿರುಗಿಬಿಟ್ಟರೆ ಟೈಮಿಂಗ್ ಚೈನ್ ಹಿಗ್ಗಿದೆ. ಕ್ಯಾಮ್ ತಡವಾಗಿ ಓಡುತ್ತಿದ್ದರೆ ಕೆಳ ಆರ್‌ಪಿಎಂ ಎಳೆತವೇ ಮೊದಲು ಸಾಯುತ್ತದೆ. ಡಿಸ್ಟ್ರಿಬ್ಯೂಟರ್ ಕೆಳಗಿನ ನೈಲಾನ್ ಗೇರನ್ನೂ ಹೊರತೆಗೆದು ನೋಡಬೇಕು. ಹಲ್ಲು ಬಿರುಕು ಬಿಟ್ಟಿದ್ದರೆ ಟೈಮಿಂಗ್ ದಿನಕ್ಕೊಂದು ತರ.

ಕಂಪ್ರೆಷನ್: ಕಾಗದದ್ದು ಬೇರೆ, ಕಾರಿನದ್ದು ಬೇರೆ

ಈ ಅಧ್ಯಯನದ ತಿರುಳು ಇಲ್ಲಿದೆ. ಕಂಪನಿ ಹೇಳಿದ ಅನುಪಾತ 8.4. ಹೆಡ್ ಬಿಚ್ಚಿ ಅಳೆದರೆ ಬಹುಪಾಲು ಹಳೆಯ 225ಗಳಲ್ಲಿ ಅದು ಸಿಗುವುದಿಲ್ಲ. ಟಿಡಿಸಿಯಲ್ಲಿಯೂ ಪಿಸ್ಟನ್ ತಲೆ ಬ್ಲಾಕ್‌ನ ಮೇಲ್ಮೈಗಿಂತ ಸುಮಾರು 4 ಮಿ.ಮೀ. ಕೆಳಗೆ ನಿಲ್ಲುತ್ತದೆ. ಮೂಲತಃ ಬಂದಿದ್ದ ಉಕ್ಕಿನ ತೆಳು ಗ್ಯಾಸ್ಕೆಟ್ ಅರ್ಧ ಮಿ.ಮೀ. ದಪ್ಪ, ಇಂದು ಅಂಗಡಿಯಲ್ಲಿ ಸಿಗುವ ಕಾಂಪೊಸಿಷನ್ ಗ್ಯಾಸ್ಕೆಟ್ ಒಂದು ಮಿ.ಮೀ. ಒಮ್ಮೆ ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೂ ಕಂಪ್ರೆಷನ್ ಇಳಿದಿರುತ್ತದೆ.

ಅಳೆಯುವ ರೀತಿ ಹೀಗೆ. ಹೆಡ್ ಮಗುಚಿ, ವಾಲ್ವ್ ಮತ್ತು ಪ್ಲಗ್ ಕೂರಿಸಿ, ಅಂಚಿಗೆ ಗ್ರೀಸ್ ಸವರಿ, ತೂತಿರುವ ಪಾರದರ್ಶಕ ಅಕ್ರಿಲಿಕ್ ಹಲಗೆ ಮುಚ್ಚಿ, ಬ್ಯೂರೆಟ್‌ನಿಂದ ಬಣ್ಣದ ಸ್ಪಿರಿಟ್ ತುಂಬಿ ಎಷ್ಟು ಸಿ.ಸಿ. ಹಿಡಿಯಿತು ಎಂದು ಬರೆದುಕೊಳ್ಳುವುದು. ಆರನ್ನೂ ಅಳೆಯಬೇಕು, ಒಂದನ್ನಲ್ಲ. ಪಿಸ್ಟನ್ ಎಷ್ಟು ಕೆಳಗಿದೆ ಎಂಬುದನ್ನು ವರ್ನಿಯರ್‌ನ ಬಾಲದಿಂದ, ಪಿಸ್ಟನ್ ಪಿನ್ನಿನ ಗೆರೆಯ ಮೇಲೆ ಅಳೆಯಬೇಕು. ಬದಿಯಲ್ಲಿ ಅಳೆದರೆ ಪಿಸ್ಟನ್ ಓಲಾಡಿ ಲೆಕ್ಕ ಕೆಡುತ್ತದೆ.

ನಮ್ಮ ಕಾರಿನ ಅಂಕಿಗಳು: ಚೇಂಬರ್ 58 ಸಿ.ಸಿ., ಪಿಸ್ಟನ್ 4.4 ಮಿ.ಮೀ. ಕೆಳಗೆ ಇರುವುದರಿಂದ 26 ಸಿ.ಸಿ., ಒಂದು ಮಿ.ಮೀ. ಗ್ಯಾಸ್ಕೆಟ್‌ನಿಂದ 6 ಸಿ.ಸಿ. ಒಟ್ಟು 90. ಒಂದು ಸಿಲಿಂಡರ್ ಗುಡಿಸುವ ಗಾತ್ರ 614 ಸಿ.ಸಿ. ಹಾಗಾಗಿ ಅನುಪಾತ 614ಕ್ಕೆ 90 ಸೇರಿಸಿ 90ರಿಂದ ಭಾಗಿಸಿದರೆ 7.8. ಇದನ್ನು 9.0ಕ್ಕೆ ತರಬೇಕಾದರೆ ಮೇಲಿನ ಜಾಗ 77 ಸಿ.ಸಿ. ಆಗಬೇಕು, ಅಂದರೆ 13 ಸಿ.ಸಿ. ಕಳೆಯಬೇಕು. ಚೇಂಬರ್ ಬಾಯಿ ಬೋರ್‌ನಷ್ಟೇ ಅಗಲವಿದ್ದರೆ ಒಂದು ಸಿ.ಸಿ.ಗೆ 0.17 ಮಿ.ಮೀ. ಕಡಿತ. ಆ ಲೆಕ್ಕದಲ್ಲಿ 2.2 ಮಿ.ಮೀ. ಬಾಯಿ ಬೋರ್‌ಗಿಂತ ಕಿರಿದಾದಷ್ಟೂ ಹೆಚ್ಚು ಕಡಿಯಬೇಕಾಗುತ್ತದೆ. ಆದ್ದರಿಂದ ಮಷಿನ್ ಶಾಪಿನವರಿಗೆ ಒಂದೇ ಸಲಕ್ಕೆ ಅಂಕಿ ಕೊಡಬಾರದು. ಮೊದಲು 1.5 ಮಿ.ಮೀ. ಫೇಸಿಂಗ್ ಮಾಡಿಸಿ, ಮತ್ತೆ ಬ್ಯೂರೆಟ್ ಹಿಡಿದು, ಉಳಿದದ್ದನ್ನು ಲೆಕ್ಕ ಹಾಕಿ ಎರಡನೆಯ ಕಡಿತ. ಒಟ್ಟು 2.5 ಮಿ.ಮೀ. ಗಡಿ ಎಂದುಕೊಳ್ಳುವುದು ಒಳ್ಳೆಯದು.

ಇಷ್ಟು ಕಡಿದರೆ ವಾಲ್ವ್ ಪಿಸ್ಟನ್‌ಗೆ ತಾಗುವುದಿಲ್ಲವೇ? ಮೂಲ ಲಿಫ್ಟ್‌ನಲ್ಲಿ ತಾಗುವುದಿಲ್ಲ, ಏಕೆಂದರೆ ಪಿಸ್ಟನ್ ಇನ್ನೂ 4.4 ಮಿ.ಮೀ. ಆಳದಲ್ಲೇ ಇದೆ. ವಿ-8ಗಳಲ್ಲಿ ಹೆಡ್ ಕಡಿದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರದೆ ಒದ್ದಾಡಬೇಕು. ಇಲ್ಲಿ ಎರಡೂ ಮ್ಯಾನಿಫೋಲ್ಡ್ ಹೆಡ್‌ಗೇ ನೇತಾಡುವುದರಿಂದ ಆ ಪೀಡೆಯೂ ಇಲ್ಲ. ಬದಲಾಗುವುದು ಪುಶ್‌ರಾಡ್. ಹೆಡ್ ಕೆಳಗಿಳಿದಷ್ಟು ಅದು ಉದ್ದವಾದಂತೆ. ರಾಕರ್‌ನ ಹೊಂದಾಣಿಕೆ ಸ್ಕ್ರೂ ಇಷ್ಟನ್ನು ನುಂಗಿಕೊಳ್ಳುತ್ತದೆ. ಈ ಸ್ಕ್ರೂಗಳಿಗೆ ಚೆಕ್‌ನಟ್ ಇಲ್ಲ, ಥ್ರೆಡ್‌ನ ಬಿಗಿಯಲ್ಲೇ ನಿಲ್ಲುತ್ತವೆ. ಬೆರಳಿಗೆ ಸಲೀಸಾಗಿ ತಿರುಗುವ ಸ್ಕ್ರೂ ಸಿಕ್ಕರೆ ಬದಲಿಸದೆ ಬಿಡಬಾರದು.

ಲಾಭ ಎಷ್ಟು? ಆದರ್ಶ ಚಕ್ರದ ಸೂತ್ರದಲ್ಲಿ 7.8ರಿಂದ 9.0ಕ್ಕೆ ಹೋದರೆ ದಕ್ಷತೆ ಸುಮಾರು ನೂರಕ್ಕೆ 4 ಹೆಚ್ಚುತ್ತದೆ. ಕೇಳಲು ಸಣ್ಣದು. ಆದರೆ ಇದು ಐಡಲ್‌ನಿಂದ ತುದಿಯವರೆಗೂ, ಕಾಲು ಥ್ರಾಟಲ್‌ನಲ್ಲೂ ಪೂರ್ತಿ ಥ್ರಾಟಲ್‌ನಲ್ಲೂ ಸಿಗುವ ಲಾಭ, ಮೈಲೇಜ್ ಕೂಡ ಸೇರಿ. ಬೇರೆ ಯಾವ ಬದಲಾವಣೆಗೂ ಈ ಗುಣವಿಲ್ಲ. ಮುಂದೆ ಹಾಕುವ ಕ್ಯಾಮ್ ಕೆಳಗಿನ ಎಳೆತವನ್ನು ತಿಂದು ಹಾಕದಂತೆ ತಡೆಯುವುದೂ ಇದೇ ಕಂಪ್ರೆಷನ್. ಬೋರ್ ಮಾಡಿಸುವುದರ ಜೊತೆ ಹೋಲಿಸಿ: 0.060 ಇಂಚು, ಅಂದರೆ ಒಂದೂವರೆ ಮಿ.ಮೀ. ಬೋರ್ ಹೆಚ್ಚಿಸಿದರೂ 225 ಆಗುವುದು 233. ಸವೆದಿದ್ದರೆ ಬೋರ್ ಮಾಡಿಸಬೇಕು. ವೇಗಕ್ಕಾಗಿ ಮಾಡಿಸುವುದು ಹಣ ಸುರಿದಂತೆ.

9.0ಕ್ಕಿಂತ ಮೇಲೆ ಏಕೆ ಬೇಡ? ಹೆಡ್ ಬೀಡುಕಬ್ಬಿಣದ್ದು, ಚೇಂಬರ್ ತೆರೆದ ಬಗೆಯದು, ಪಿಸ್ಟನ್ ಆಳದಲ್ಲಿ. ಮಿಶ್ರಣವನ್ನು ಹಿಂಡಿ ಕಲಕುವ ಕಿರಿದಾದ ಜಾಗವೇ ಇಲ್ಲದ್ದರಿಂದ ಈ ಎಂಜಿನ್ ಬೇಗ ನಾಕಿಂಗ್‌ಗೆ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದಕ್ಕೆ) ಬರುತ್ತದೆ. 9.0ಕ್ಕೆ ಅಮೆರಿಕದ ಬಂಕಿನ 89 ಆಕ್ಟೇನ್ ಇಟ್ಟುಕೊಳ್ಳುವುದು ಕ್ಷೇಮ. 87ರಲ್ಲೇ ಓಡಿಸಬೇಕೆಂದರೆ 8.5ಕ್ಕೆ ನಿಲ್ಲಿಸಿ.

ಹೆಡ್ ಬಿಚ್ಚಿರುವಾಗಲೇ ಆಗಬೇಕಾದ ಬೇರೆ ಕೆಲಸಗಳಿವೆ. ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಕೂರಿಸಿ. ಮೂಲ ವಾಲ್ವ್‌ಗಳು 1.62 ಮತ್ತು 1.36 ಇಂಚಿನವು. ಹೇಗೂ ಸೀಟ್ ಕಡೆಯುವುದಾದರೆ 1.70 ಮತ್ತು 1.44ಕ್ಕೆ ಹೋಗಬಹುದು, ಪೋರ್ಟ್‌ನಲ್ಲಿ ಸೀಟ್‌ನ ಕೆಳಗಿನ ಮೊದಲ ಅರ್ಧ ಇಂಚಿನ ಏಣುಗಳನ್ನು ನಯಗೊಳಿಸಬೇಕು. ಪೋರ್ಟ್‌ನ ಒಳಗೆಲ್ಲ ಕನ್ನಡಿಯಂತೆ ಪಾಲಿಶ್ ಮಾಡಿಸುವುದು ವ್ಯರ್ಥ. ವಾಲ್ವ್ ಕೂರಿಸಿದ ಮೇಲೆ ಪೋರ್ಟ್‌ಗೆ ಸೀಮೆಎಣ್ಣೆ ಸುರಿದು ಚೇಂಬರ್ ಕಡೆ ಜಿನುಗುತ್ತದೆಯೇ ನೋಡುವ ಪದ್ಧತಿ ನಮ್ಮೂರ ಗ್ಯಾರೇಜುಗಳಲ್ಲಿ ಎಲ್ಲರಿಗೂ ಗೊತ್ತು, ಇಲ್ಲೂ ಅದೇ ಸಾಕು. ಬ್ಲಾಕ್‌ನ ಹಿಂತುದಿಯ ನೀರಿನ ದಾರಿಯಲ್ಲಿ ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಕೋರ್ ಪ್ಲಗ್ ತೆಗೆದು ತಂತಿಯಿಂದ ಕೆದಕಿ ತೊಳೆಯದಿದ್ದರೆ ಹೊಸ ಕಂಪ್ರೆಷನ್‌ನ ಬಿಸಿಗೆ ಐದು-ಆರನೆಯ ಸಿಲಿಂಡರ್‌ಗಳು ಮೊದಲು ನಾಕ್ ಮಾಡುತ್ತವೆ.

ಮುಚ್ಚುವಾಗ 14 ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, 25, 45, 65 ಪೌಂಡ್-ಅಡಿ ಎಂದು ಮೂರು ಸುತ್ತಿನಲ್ಲಿ ಬಿಗಿಯಬೇಕು (65 ಎಂದರೆ 88 ನ್ಯೂಟನ್-ಮೀಟರ್). ರಾಕರ್ ಶಾಫ್ಟಿನ ತುದಿಯಲ್ಲಿರುವ ಚಪ್ಪಟೆ ಗುರುತು ಮೇಲ್ಮುಖವಾಗಿ, ಎಂಜಿನ್‌ನ ಮುಂಭಾಗಕ್ಕೆ ಬರಬೇಕು. ತಿರುವುಮುರುವಾದರೆ ರಾಕರ್‌ಗಳಿಗೆ ಎಣ್ಣೆ ಸರಿಯಾಗಿ ಮುಟ್ಟದೆ ಕೆಲವೇ ದಿನದಲ್ಲಿ ಸವೆಯುತ್ತವೆ. ಟ್ಯಾಪೆಟ್ ಸಂದು ಬಿಸಿ ಎಂಜಿನ್‌ನಲ್ಲಿ ಇನ್‌ಟೇಕ್‌ಗೆ 0.010 ಇಂಚು, ಎಕ್ಸಾಸ್ಟ್‌ಗೆ 0.020.

ಕ್ಯಾಮ್ ಬದಲಿಸುವುದಾದರೆ ಈಗಲೇ

ಈ ಎಂಜಿನ್‌ನಲ್ಲಿ ಟ್ಯಾಪೆಟ್‌ಗಳು ಹೊರಬರುವುದು ಮೇಲಿನಿಂದ, ಹೆಡ್ ತೆಗೆದಾಗ ಮಾತ್ರ. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್ ಕಡ್ಡಾಯವಾದ್ದರಿಂದ ‘ಕ್ಯಾಮ್ ಮುಂದಿನ ವರ್ಷ ನೋಡೋಣ’ ಎಂದರೆ ಇನ್ನೊಂದು ಗ್ಯಾಸ್ಕೆಟ್, ಇನ್ನೊಂದು ವಾರ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಮೂಲ ಕನ್ವರ್ಟರ್ ಇರುವ ಕಾರಿಗೆ 0.050 ಇಂಚು ಲಿಫ್ಟ್‌ನಲ್ಲಿ ಅಳೆದ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) 210 ಡಿಗ್ರಿ ದಾಟಬಾರದು. ಅದಕ್ಕಿಂತ ದೊಡ್ಡದು ಹಾಕಿದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಕುಸಿಯುತ್ತದೆ, ಡಿ ಹಾಕಿದೊಡನೆ ಎಂಜಿನ್ ನಿಲ್ಲುತ್ತದೆ, ನಿಲ್ಲದಂತೆ ಐಡಲ್ ಏರಿಸಿದರೆ ಬ್ರೇಕ್ ಬಿಟ್ಟ ಕೂಡಲೇ ಕಾರು ನುಗ್ಗುತ್ತದೆ. ಸಂಶಯವಿದ್ದಲ್ಲಿ ಚಿಕ್ಕದನ್ನೇ ಆರಿಸಿ. ಮೂಲ ಕ್ಯಾಮ್ ಚೆನ್ನಾಗಿದ್ದರೆ ಹೊಸ ಚೈನ್ ಹಾಕಿ ಅದನ್ನೇ ಉಳಿಸಿಕೊಂಡರೂ ಈ ಕಾರಿನ ಉದ್ದೇಶಕ್ಕೆ ನಷ್ಟವಿಲ್ಲ.

ಹೊಸ ಕ್ಯಾಮ್ ಹಾಳಾಗುವುದು ಮೊದಲ ಅರ್ಧ ಗಂಟೆಯಲ್ಲಿ. ಲೋಬ್‌ಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಸವರಿ, ಸತು ಹೆಚ್ಚಿರುವ ಎಣ್ಣೆ ಹಾಕಿ, ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂಗೆ ಏರಿಸಿ 20–30 ನಿಮಿಷ ಅಲ್ಲೇ ಇಡಬೇಕು. ಐಡಲ್‌ನಲ್ಲಿ ಲೋಬ್‌ಗೆ ಸಾಕಷ್ಟು ಎಣ್ಣೆ ಚಿಮ್ಮುವುದಿಲ್ಲ. ಹಾಗಾಗಿ ಮೊದಲ ಸ್ಟಾರ್ಟ್‌ಗೆ ಮುನ್ನವೇ ಇಗ್ನಿಷನ್ ಟೈಮಿಂಗ್ ಸರಿಯಿರಬೇಕು, ಕಾರ್ಬುರೇಟರ್ ಬೌಲ್ ತುಂಬಿರಬೇಕು. ಹತ್ತು ನಿಮಿಷ ಸೆಲ್ಫ್ ಹೊಡೆಯುತ್ತಾ ಕೂತರೆ ಕ್ಯಾಮ್ ಅಷ್ಟರಲ್ಲೇ ಮುಗಿದಿರುತ್ತದೆ.

ಕಿಡಿ

ಪಾಯಿಂಟ್ ಡಿಸ್ಟ್ರಿಬ್ಯೂಟರ್ ಬದಲು ಇದೇ ಎಂಜಿನ್‌ಗೆ 1973ರಿಂದ ಬಂದ ಕ್ರೈಸ್ಲರ್ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ನೇರವಾಗಿ ಕೂರುತ್ತದೆ. ಪಿಕಪ್ ಕಾಯಿಲ್ ಸಂದು 0.008 ಇಂಚು, ಅಳೆಯಲು ಹಿತ್ತಾಳೆಯ ಫೀಲರ್ ಗೇಜ್. ಉಕ್ಕಿನದು ಆಯಸ್ಕಾಂತಕ್ಕೆ ಅಂಟಿಕೊಂಡು ಸುಳ್ಳು ಅಳತೆ ಕೊಡುತ್ತದೆ. ಇನಿಷಿಯಲ್ ಟೈಮಿಂಗ್ (ಐಡಲ್‌ನಲ್ಲಿ ಟಿಡಿಸಿಗೆ ಎಷ್ಟು ಮುನ್ನ ಕಿಡಿ ಎಂಬುದು) 8ರಿಂದ 10 ಡಿಗ್ರಿ, ವ್ಯಾಕ್ಯೂಮ್ ಪೈಪ್ ಕಳಚಿ ನೋಡಿದಾಗ 2800ರ ಸುಮಾರಿಗೆ ಒಟ್ಟು 30. ಮೂಲ ಡಿಸ್ಟ್ರಿಬ್ಯೂಟರ್‌ನಲ್ಲಿ ಇನಿಷಿಯಲ್ ಏರಿಸಿದಷ್ಟೂ ಒಟ್ಟು ಕೂಡ ಏರುವುದರಿಂದ 30 ದಾಟಿದರೆ ಒಳಗಿನ ಅಡ್ವಾನ್ಸ್ ತೂಕಗಳ ಓಟ ಕಡಿಮೆ ಮಾಡಬೇಕು. ಹಗುರ ಥ್ರಾಟಲ್‌ನಲ್ಲಿ ಕಿಡಿಯನ್ನು ಇನ್ನಷ್ಟು ಮುಂಚೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ರೇಸಿಗೆ ಬೇಡದಿರಬಹುದು, ರಸ್ತೆಗೆ ಬೇಕೇ ಬೇಕು.

ಹೆಚ್ಚಿನವರು ತಪ್ಪುವ ಒಂದು ಸಣ್ಣ ವಿಷಯ: 1974ರವರೆಗಿನ ಹೆಡ್‌ಗಳಲ್ಲಿ ಪ್ಲಗ್ ಕೂರುವುದು ಅಲ್ಯೂಮಿನಿಯಂ ಕೊಳವೆಯೊಳಗೆ. ಕೊಳವೆಯ ಅಂಚೇ ಪ್ಲಗ್‌ಗೆ ವಾಷರ್. ಹೊಸ ಪ್ಲಗ್ ಜೊತೆ ಬರುವ ಉಂಗುರವನ್ನು ಕಿತ್ತು ಹಾಕಿಯೇ ಬಿಗಿಯಬೇಕು, ಇಲ್ಲದಿದ್ದರೆ ಪ್ಲಗ್‌ನ ಮೂತಿ ಚೇಂಬರ್‌ಗೆ ಸರಿಯಾಗಿ ತಲುಪುವುದಿಲ್ಲ. ಪ್ಲಗ್ ಸಂದು 0.035 ಇಂಚು, ಫೈರಿಂಗ್ ಆರ್ಡರ್ 1-5-3-6-2-4.

ಉಸಿರಾಟ: ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಜೋಡಿಯಾಗಿ

225 ಕ್ಯೂಬಿಕ್ ಇಂಚು 4500 ಆರ್‌ಪಿಎಂನಲ್ಲಿ ಪೂರ್ತಿ ತುಂಬಿಕೊಂಡರೂ ನಿಮಿಷಕ್ಕೆ 293 ಘನ ಅಡಿ (ಸಿಎಫ್ಎಂ) ಗಾಳಿ ಬೇಕು. ವಾಸ್ತವದಲ್ಲಿ ನೂರಕ್ಕೆ 80 ತುಂಬಿದರೆ 235. ಆದ್ದರಿಂದ 600 ಸಿಎಫ್ಎಂನ ನಾಲ್ಕು ಬ್ಯಾರಲ್ ಹಾಕಿದವರಿಗೆ ಸಿಗುವುದು ಗಾಳಿಯ ವೇಗ ಸತ್ತ ವೆಂಚುರಿ, ಕಾಲಿಟ್ಟೊಡನೆ ಮುಗ್ಗರಿಸುವ ಎಂಜಿನ್. ನಾಲ್ಕು ಬ್ಯಾರಲ್ ಬೇಕೇ ಬೇಕೆಂದರೆ 390 ಸಿಎಫ್ಎಂ ಸಾಕು.

ನಮ್ಮ ಆಯ್ಕೆ ಅದಕ್ಕಿಂತ ಸರಳ: 1977ರಲ್ಲಿ ಕಂಪನಿಯೇ ಹೊರತಂದ ‘ಸೂಪರ್ ಸಿಕ್ಸ್’. ಬೀಡಿನ ಇನ್‌ಟೇಕ್ ಮ್ಯಾನಿಫೋಲ್ಡ್, ಎರಡು ಬ್ಯಾರಲ್‌ನ ಕಾರ್ಟರ್ ಬಿಬಿಡಿ. ಆ ವರ್ಷ ಒಂದು ಬ್ಯಾರಲ್‌ನ 225ಕ್ಕೆ 100 ನೆಟ್ ಎಚ್‌ಪಿ, ಎರಡು ಬ್ಯಾರಲ್‌ನದಕ್ಕೆ 110. ಮ್ಯಾನಿಫೋಲ್ಡ್, ಕಾರ್ಬುರೇಟರ್, ಏರ್‌ಕ್ಲೀನರ್, ಥ್ರಾಟಲ್ ಬ್ರಾಕೆಟ್, ಕಿಕ್‌ಡೌನ್ ಲಿಂಕ್ ಎಲ್ಲವನ್ನೂ ಒಂದೇ ಕಾರಿನಿಂದ ತಂದರೆ ಅರ್ಧ ತಲೆನೋವು ತಪ್ಪಿತು. ಮ್ಯಾನಿಫೋಲ್ಡ್‌ನಲ್ಲಿ ಇಜಿಆರ್ ಕಿಂಡಿ (ಹೊಗೆಯ ಒಂದಂಶವನ್ನು ಮತ್ತೆ ಒಳಕ್ಕೆ ಬಿಡುವುದು) ಇರುತ್ತದೆ, ಪ್ಲೇಟ್ ಹಾಕಿ ಮುಚ್ಚಬೇಕು. ಪಿಸಿವಿ ಪೈಪ್ (ಎಂಜಿನ್ ಒಡಲಿನ ಆವಿಯನ್ನು ಇನ್‌ಟೇಕ್‌ಗೆ ಎಳೆಯುವುದು) ಮಾತ್ರ ಉಳಿಸಿಕೊಳ್ಳಬೇಕು. ಬಿಬಿಡಿಯ ಹಳೆಯ ರೋಗ ಐಡಲ್ ಟ್ಯೂಬ್ ಕಟ್ಟಿಕೊಳ್ಳುವುದು. ಕೊಂಡ ದಿನವೇ ಬಿಚ್ಚಿ, ತೊಳೆದು, ಸಣ್ಣ ತಂತಿ ಹಾಯಿಸಿ ಕೂರಿಸಿ.

ಕಿಕ್‌ಡೌನ್ ಲಿಂಕ್ ಬಗ್ಗೆ ಬಿಡಿಸಿ ಹೇಳಲೇಬೇಕು. ಟಾರ್ಕ್‌ಫ್ಲೈಟ್‌ನಲ್ಲಿ ಈ ಲಿಂಕ್ ಗೇರ್ ಇಳಿಸಲಿಕ್ಕಷ್ಟೇ ಇರುವುದಲ್ಲ. ಒಳಗಿನ ಎಣ್ಣೆಯ ಒತ್ತಡವನ್ನು ಥ್ರಾಟಲ್‌ಗೆ ತಕ್ಕಂತೆ ಏರಿಸುವುದೂ ಅದೇ. ಅದನ್ನು ಜೋಡಿಸದೆ, ಅಥವಾ ಸಡಿಲವಾಗಿ ಬಿಟ್ಟು ಕಾರು ಓಡಿಸಿದರೆ ಕಡಿಮೆ ಒತ್ತಡದಲ್ಲಿ ಕ್ಲಚ್ ಪ್ಲೇಟ್‌ಗಳು ಜಾರಿ ಸುಟ್ಟುಹೋಗುತ್ತವೆ. ಎಂಜಿನ್ ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು ಹಿಡಿದಾಗ ಗೇರ್‌ಬಾಕ್ಸ್ ಬದಿಯ ಲಿವರ್ ತನ್ನ ಹಿಂದಿನ ತುದಿ ಮುಟ್ಟಿರಬೇಕು. ಇದನ್ನು ನೋಡದೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಬೇಡಿ.

ಎರಡು ಮ್ಯಾನಿಫೋಲ್ಡ್‌ಗಳನ್ನು ಕೂರಿಸುವ ಕ್ರಮವೂ ಹಾಗೆಯೇ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಡುವೆ ಮೂರು ಬೋಲ್ಟ್ ಕೂಡಿಸಿರುತ್ತವೆ. ಮೊದಲು ಆ ಮೂರನ್ನು ಸಡಿಲ ಬಿಡಬೇಕು, ಜೋಡಿಯನ್ನು ಹೆಡ್‌ಗೆ ಕೂರಿಸಿ ನಟ್‌ಗಳನ್ನು 10 ಪೌಂಡ್-ಅಡಿಗೆ ಮಾತ್ರ ಬಿಗಿಯಬೇಕು, ಕೊನೆಗೆ ಆ ಮೂರನ್ನು. ಬಿಸಿಯಾದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉದ್ದುದ್ದ ಹಿಗ್ಗಬೇಕು, ಅದಕ್ಕೇ ಮೂಲತಃ ಬಟ್ಟಲಾಕಾರದ ವಾಷರ್‌ಗಳು ಬಂದಿವೆ. ಬಲ ಹಾಕಿ ಬಿಗಿದರೆ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ, ಮೂರನ್ನು ಮೊದಲೇ ಬಿಗಿದರೆ ಜೋಡಿ ಓರೆಯಾಗಿ ಗಾಳಿ ಸೋರುತ್ತದೆ. ಸೋರಿಕೆ ಇದ್ದರೆ ಐಡಲ್‌ನಲ್ಲಿ ಮಿಸ್ಸಿಂಗ್ ಬರುತ್ತದೆ. ಕಾರ್ಬುರೇಟರ್ ದೋಷವೆಂದು ದಿನಗಟ್ಟಲೆ ಸ್ಕ್ರೂ ತಿರುಗಿಸುವವರ ಸಮಸ್ಯೆ ಬಹಳ ಸಲ ಇಲ್ಲೇ ಇರುತ್ತದೆ.

ಎಕ್ಸಾಸ್ಟ್‌ಗೆ ಮೂಲ ಬೀಡಿನ ಮ್ಯಾನಿಫೋಲ್ಡ್ ಉಳಿಸಿ, ಅದರಿಂದ ಹಿಂದಕ್ಕೆ 2¼ ಇಂಚಿನ ಒಂದೇ ಪೈಪ್, ನೇರವಾಗಿ ಹಾಯುವ ಸೈಲೆನ್ಸರ್. ಬೀಡಿನದರ ಬದಲು ಉಕ್ಕಿನ ಕೊಳವೆಗಳ ಹೆಡರ್ ಹಾಕಿದರೆ ಮೇಲ್ತುದಿಯಲ್ಲಿ ಇನ್ನಷ್ಟು ಸಿಗುತ್ತದೆ ನಿಜ. ಆದರೆ ಇನ್‌ಟೇಕ್ ಕೆಳಗಿನ ಬಿಸಿ ತಪ್ಪಿಹೋಗುತ್ತದೆ. ತಣ್ಣಗಿನ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲ್ ಆವಿಯಾಗದೆ ಗೋಡೆಗೆ ಹನಿಯಾಗಿ ಅಂಟಿ ತುದಿಯ ಸಿಲಿಂಡರ್‌ಗಳಿಗೆ ಬರಿಗಾಳಿ ಹೋಗುತ್ತದೆ. ಚಳಿಗಾಲದಲ್ಲಿ ದಿನವೂ ಓಡುವ ಕಾರಿಗೆ ಇದು ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಇದರ ವಿರುದ್ಧದ ತೊಂದರೆ: ಕಾರ್ಬುರೇಟರ್ ಎಕ್ಸಾಸ್ಟ್‌ನ ಮೇಲೆಯೇ ಕೂತಿರುವುದರಿಂದ ನಿಲ್ಲಿಸಿದ ಮೇಲೆ ಪೆಟ್ರೋಲ್ ಕುದಿಯುತ್ತದೆ. ದಪ್ಪನೆಯ ಇನ್ಸುಲೇಟರ್ ಗ್ಯಾಸ್ಕೆಟ್, ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಹಾಯಿಸುವುದು, ಮ್ಯಾನಿಫೋಲ್ಡ್‌ನ ಹೀಟ್ ವಾಲ್ವ್ ಸಲೀಸಾಗಿ ತಿರುಗುವಂತೆ ಮಾಡುವುದು ಪರಿಹಾರ. ಆ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ತುಕ್ಕು ಹಿಡಿದಿದ್ದರೆ ಬೇರೆ ಏನೇ ಮಾಡಿದರೂ ಎಂಜಿನ್ ಉಸಿರುಗಟ್ಟಿರುತ್ತದೆ.

ಟರ್ಬೊ ಕೂಡ ಈ ಎಂಜಿನ್‌ಗೆ ಒಗ್ಗುತ್ತದೆ, ಗಟ್ಟಿ ಬ್ಲಾಕ್. ಅದಕ್ಕೆ ಕಡಿಮೆ ಕಂಪ್ರೆಷನ್ ಬೇಕು, ಹಾಗಾಗಿ ಮೇಲಿನ ದಾರಿ ಹಿಡಿದ ಮೇಲೆ ಅದರ ಮಾತಿಲ್ಲ.

ಗೇರಿಂಗ್

2.93 ತೆಗೆದು 3.23 ಹಾಕಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ತಲುಪುವ ಎಳೆತ ನೂರಕ್ಕೆ 10 ಹೆಚ್ಚು. ಬೆಲೆ: 100 ಕಿ.ಮೀ. ವೇಗದಲ್ಲಿ 2450ರ ಬದಲು 2700 ಆರ್‌ಪಿಎಂ. 225ಕ್ಕೆ ಅದೇನೂ ಭಾರವಲ್ಲ, ಟಾರ್ಕ್ ಶಿಖರದ ಪಕ್ಕವೇ. 3.55ಕ್ಕೆ ಹೋದರೆ 2975, ದಿನವಿಡೀ ಹೆದ್ದಾರಿಯಲ್ಲಿ ಎಂಜಿನ್ ಸದ್ದು ಕಿವಿಗೆ ರಾಚುತ್ತದೆ. ಈ ಕಾರಿನ 7¼ ಇಂಚಿನ ಆಕ್ಸಲ್‌ಗೆ ಬಿಡಿ ಕ್ರೌನ್-ಪಿನಿಯನ್ ಹುಡುಕುವುದಕ್ಕಿಂತ 3.23 ಇರುವ ಪೂರ್ತಿ ಆಕ್ಸಲನ್ನೇ ತರುವುದು ಸುಲಭ. 1965ರಿಂದ ಆಕ್ಸಲ್ ಶಾಫ್ಟ್ ತುದಿ ಫ್ಲ್ಯಾಂಜ್ ಬಗೆಯದು, 1964ರವರೆಗಿನದು ಓರೆ ಮೊನೆಯದು. ಹಳೆಯದನ್ನು ತಂದು ಡ್ರಮ್ ಕೀಳಲಾಗದೆ ಒದ್ದಾಡಬೇಡಿ. ಆಕ್ಸಲ್ ಬದಲಾದ ಮೇಲೆ ಸ್ಪೀಡೊಮೀಟರ್ ಪಿನಿಯನ್ ಕೂಡ ಬದಲಿಸಬೇಕು, ಇಲ್ಲದಿದ್ದರೆ ಮುಳ್ಳು ನೂರಕ್ಕೆ 10 ಹೆಚ್ಚು ತೋರಿಸುತ್ತದೆ, ಕಾರು ನಿಜಕ್ಕಿಂತ ವೇಗವಾಗಿದೆ ಎಂಬ ಭ್ರಮೆ ಕೊಡುತ್ತದೆ.

ಹೊಂದಿಸುವುದು

ಎಕ್ಸಾಸ್ಟ್ ಪೈಪ್‌ಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ನೋಡುವುದಾದರೆ ಗಾಳಿ-ಪೆಟ್ರೋಲ್ ಅನುಪಾತ ಸಮವೇಗದಲ್ಲಿ 14ರಿಂದ 14.5, ಪೂರ್ತಿ ಥ್ರಾಟಲ್‌ನಲ್ಲಿ 12.5ರಿಂದ 13 ಗುರಿ. ಆದರೆ ಸೆನ್ಸರ್ ಹೇಳುವುದು ಆರು ಸಿಲಿಂಡರ್‌ಗಳ ಸರಾಸರಿ. ನಡುವೆ ಕೂತ ಒಂದೇ ಕಾರ್ಬುರೇಟರ್‌ನಿಂದ ಒಂದನೆಯ ಮತ್ತು ಆರನೆಯ ಸಿಲಿಂಡರ್‌ಗೆ ದಾರಿ ಅತಿ ಉದ್ದ, ಅವೇ ಮೊದಲು ಲೀನ್ (ಪೆಟ್ರೋಲ್ ಕಡಿಮೆ) ಆಗುವುದು. ಏರುದಾರಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ನಿಲ್ಲಿಸಿ, ಆರೂ ಪ್ಲಗ್ ಸಾಲಾಗಿ ಇಟ್ಟು ನೋಡಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ ಮಾತ್ರ. ತುದಿಯ ಎರಡು ಸುಣ್ಣದಂತೆ ಬೆಳ್ಳಗಿದ್ದು ನಡುವಿನವು ಕಂದು ಬಣ್ಣಕ್ಕಿದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಮಾಡಬೇಕು. ನಡುವಿನವು ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ತುದಿಯ ಪಿಸ್ಟನ್‌ಗಳು ಉಳಿಯುತ್ತವೆ.

ನಾಕಿಂಗ್ ಕೇಳಿಸುವುದು ಸಾಮಾನ್ಯವಾಗಿ ಟಾಪ್ ಗೇರಿನಲ್ಲಿ 50–60 ಕಿ.ಮೀ. ವೇಗದಿಂದ ಮುಕ್ಕಾಲು ಥ್ರಾಟಲ್ ಕೊಟ್ಟಾಗ, ಬಿಸಿ ಮಧ್ಯಾಹ್ನ. ಅರ್ಧ ಥ್ರಾಟಲ್‌ನಲ್ಲಿ ಮಾತ್ರ ಬಂದು ಪೂರ್ತಿ ಒತ್ತಿದಾಗ ಹೋದರೆ ವ್ಯಾಕ್ಯೂಮ್ ಅಡ್ವಾನ್ಸ್ ಹೆಚ್ಚಾಗಿದೆ, ಪೂರ್ತಿ ಒತ್ತಿದಾಗ ಬಂದರೆ ಒಟ್ಟು ಟೈಮಿಂಗ್ ಎರಡು ಡಿಗ್ರಿ ಇಳಿಸಿ.

800 ಕಿ.ಮೀ. ಓಡಿದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ತಣ್ಣಗಿರುವಾಗ 10 ಪೌಂಡ್-ಅಡಿಗೆ ಮತ್ತೆ ನೋಡಿ, ಎಂಜಿನ್ ಬಿಸಿ ಮಾಡಿ ಹನ್ನೆರಡೂ ಟ್ಯಾಪೆಟ್ ಸಂದು ಅಳೆಯಿರಿ. ಎಕ್ಸಾಸ್ಟ್‌ನ ಯಾವುದಾದರೂ ಒಂದು 0.020ರಿಂದ 0.016ಕ್ಕೆ ಇಳಿದಿದ್ದರೆ ಆ ಸೀಟ್ ಇನ್ನೂ ಕೂರುತ್ತಿದೆ. ಮತ್ತೆ ಹೊಂದಿಸಿ, ಇನ್ನೊಂದು 800ಕ್ಕೆ ಅದೇ ವಾಲ್ವನ್ನು ಮೊದಲು ನೋಡಿ. ಆಗಲೂ ಇಳಿದಿದ್ದರೆ ಸೀಟ್ ಸರಿಯಾಗಿ ಕೂತಿಲ್ಲ, ಹೆಡ್ ಮತ್ತೆ ಮಷಿನ್ ಶಾಪಿಗೆ ಹೋಗಬೇಕು.